ಬೀಗಲ್ಲೇ ಬೇಕು ಅಂತ ಫಾರಂ ತುಂಬೋರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ,

ರೆಸ್ಕ್ಯೂ ಆಗಿರೋ ಬೀಗಲ್ ನಾಯಿನ ದತ್ತು ತಗೋಬೇಕು ಅಂತ ಅರ್ಜಿ ಹಾಕಿರೋ, ಹಾಕ್ಬೇಕು ಅಂತ ಯೋಚನೆ ಮಾಡ್ತಿರೋ, ಇಲ್ಲಾ ಮಕ್ಕಳ ಹಠಕ್ಕೆ ರಾತ್ರಿಯೆಲ್ಲಾ ಫೋಟೋ ನೋಡ್ಕೊಂಡು ಕೂತಿರೋ ಅಣ್ಣಂದಿರೇ ಅಕ್ಕಂದಿರೇ, ಈ ಪತ್ರ ನಿಮಗೇನೇ. ಸ್ವಲ್ಪ ಉದ್ದ ಆಗತ್ತೆ, ಮಧ್ಯ ಮಧ್ಯ ಖಾರಾನೂ ಇರತ್ತೆ, ಬೇಜಾರು ಮಾಡ್ಕೋಬೇಡಿ. ನಾನೇನು ದೊಡ್ಡ ತಜ್ಞೆ ಅಲ್ಲ. ಆರು ವರ್ಷದ ಹಿಂದೆ ನಿಮ್ಮ ಥರಾನೇ ಒಂದು ಫೋಟೋ ನೋಡಿ ಕರಗಿ ನೀರಾಗಿ, ಔಷಧಿ ಪರೀಕ್ಷೆ ಮಾಡೋ ಲ್ಯಾಬಿಂದ ಬಿಡುಗಡೆಯಾದ ಒಂದು ಬೀಗಲ್‌ನ ಮನೆಗೆ ತಂದವಳು. ಅವನ ಹೆಸರು ಕೆಂಚ. ಅವನು ಬಂದ ಮೇಲೆ ರೆಸ್ಕ್ಯೂ ಮಾಡೋರ ಜೊತೆ ಸೇರ್ಕೊಂಡು, ಅರ್ಜಿ ಹಾಕಿದವರಿಗೆ ಫೋನ್ ಮಾಡೋದು, ಅವರ ಮನೆಗೆ ಹೋಗಿ ಗೇಟು ಬಾಗಿಲು ಬಾಲ್ಕನಿ ನೋಡ್ಕೊಂಡು ಬರೋದು, ಈ ಕೆಲಸ ಮಾಡ್ತೀನಿ. ಸಂಬಳ ಇಲ್ಲ, ಬೈಗುಳ ಇದೆ.

ಹೋದ ತಿಂಗಳು ಒಂದು ಹೆಣ್ಣು ಬೀಗಲ್ ವಾಪಸ್ ಬಂತು. ಮೂರನೇ ಸಲ. ಮೂರು ಮನೆಯವರೂ ಹೇಳಿದ ಕಾರಣ ಒಂದೇ, "ತುಂಬಾ ಕೂಗತ್ತೆ". ಅವತ್ತು ರಾತ್ರಿ ಕೂತ್ಕೊಂಡು ಆ ಮೂರೂ ಮನೆಯವರ ಫಾರಂ ತೆಗೆದು ನೋಡ್ದೆ. ದಿನಕ್ಕೆ ಎಷ್ಟು ಹೊತ್ತು ನಾಯಿ ಒಂಟಿಯಾಗಿರತ್ತೆ ಅನ್ನೋ ಪ್ರಶ್ನೆಗೆ ಒಬ್ಬರು "ಯಾವಾಗ್ಲೂ ಯಾರಾದ್ರೂ ಇರ್ತೀವಿ" ಅಂತ ಬರೆದಿದ್ರು, ಇನ್ನೊಬ್ಬರು "1-2 ಗಂಟೆ", ಮತ್ತೊಬ್ಬರು ಖಾಲಿ ಬಿಟ್ಟಿದ್ರು. ನಿಜ ಏನು ಅಂದ್ರೆ ಮೂರೂ ಮನೆ ಬೆಳಗ್ಗೆ ಬೀಗ ಹಾಕಿದ್ರೆ ಸಂಜೆ ತೆಗೆಯೋ ಮನೆಗಳೇ. ಇದು ನಮಗೆ ಗೊತ್ತಾಗಿದ್ದು ನಾಯಿ ವಾಪಸ್ ಬಂದ ಮೇಲೆ. ಅದಕ್ಕೇ ಈ ಪತ್ರ. ಕೇಳ್ಕೊಳ್ಳೋದು ಒಂದೇ, ಫಾರಂನಲ್ಲಿ ನಿಜ ಬರೀರಿ. ಉಳಿದಿದ್ದೆಲ್ಲಾ ಯಾಕೆ ನಿಜ ಬರೀಬೇಕು ಅನ್ನೋದಕ್ಕೆ ವಿವರಣೆ ಅಷ್ಟೇ.

ಮೊದಲನೇದಾಗಿ ನೀವು ಯಾವುದನ್ನ ಕೇಳ್ತಿದೀರ ಅಂತ ನಿಮಗೆ ಗೊತ್ತಾ? ನೀವು ಕೇಳ್ತಿರೋದು ಆ ಇಳಿಬಿದ್ದ ಕಿವಿ, ಅಳ್ತಾ ಇದೆಯೇನೋ ಅನ್ನಿಸೋ ಕಣ್ಣು, ಕಪ್ಪು ಕಂದು ಬಿಳಿ ಬಣ್ಣ, ಹತ್ತು ಕೇಜಿ ಆಜುಬಾಜು ತೂಗೋ ಎತ್ಕೊಳ್ಳೋಕೆ ಸಲೀಸಾಗಿರೋ ಮೈ. ಆದ್ರೆ ನಿಮ್ಮ ಮನೆಗೆ ಬರೋದು ಒಂದು ಮೂಗು. ಆ ಮೂಗಿನ ಹಿಂದೆ ಒಂದು ನಾಯಿ ಇರತ್ತೆ, ಅದು ಬೇರೆ ವಿಷಯ. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಕೋಶಗಳು ಸುಮಾರು 50-60 ಲಕ್ಷ ಅಂತಾರೆ, ಬೀಗಲ್ ಮೂಗಲ್ಲಿ 22 ಕೋಟಿ ಹತ್ರ. ಲೆಕ್ಕ ಹಾಕ್ಕೊಳ್ಳಿ. ನೀವು ಬೆಳಗ್ಗೆ ವಾಕಿಂಗ್ ಅಂತ ಕರ್ಕೊಂಡು ಹೋದ್ರೆ ನಿಮಗೆ ಕಾಣೋದು ಒಂದು ಖಾಲಿ ರಸ್ತೆ, ಅದಕ್ಕೆ ಮಾತ್ರ ರಾತ್ರಿ ಯಾವ ಬೆಕ್ಕು ಎಲ್ಲಿಂದ ಎಲ್ಲಿಗೆ ಹೋಯ್ತು, ಯಾವ ನಾಯಿ ಯಾವ ಕಂಬದ ಹತ್ರ ನಿಂತಿತ್ತು, ಯಾರ ಚೀಲದಿಂದ ಏನು ಬಿತ್ತು ಎಲ್ಲಾ ನೆಲದ ಮೇಲೆ ಬರೆದಿಟ್ಟ ಹಾಗೆ. ಓದ್ತಾ ಇರೋವಾಗ ನೀವು "ಬಾ ಬಾ" ಅಂದ್ರೆ ಕೇಳಿಸಲ್ಲ. ಕಿವುಡಲ್ಲ, ಹಠಾನೂ ಅಲ್ಲ, ಆ ಹೊತ್ತಲ್ಲಿ ಅದರ ಕಿವಿಗೆ ಅಂಗಡಿ ಮುಚ್ಚಿರತ್ತೆ. ನಾವು ಮನುಷ್ಯರು ಮೂಗಿನ ನೇರಕ್ಕೆ ಮಾತಾಡ್ತೀವಿ, ಬೀಗಲ್ಲು ಮೂಗಿನ ನೇರಕ್ಕೆ ಬದುಕತ್ತೆ.

ಇದನ್ನ ದೋಷ ಅಂತ ಹೇಳ್ತಿಲ್ಲ ನಾನು. ಇದೇ ಮೂಗಿಗೆ ಕೆಲಸ ಕೊಟ್ಟೋರೂ ಇದಾರೆ. ಅಮೆರಿಕದ ಕೃಷಿ ಇಲಾಖೆಯೋರು 1984ರಲ್ಲಿ ಲಾಸ್ ಏಂಜಲೀಸ್ ಏರ್‌ಪೋರ್ಟಲ್ಲಿ ಬೀಗಲ್‌ಗಳನ್ನ ಇಟ್ಕೊಂಡು ಪ್ರಯಾಣಿಕರ ಲಗೇಜಲ್ಲಿ ಕದ್ದು ತರೋ ಹಣ್ಣು, ಮಾಂಸ ಹಿಡಿಯೋಕೆ ಶುರು ಮಾಡಿದ್ರು, ಆಮೇಲೆ ಅದು ಎಷ್ಟೋ ಏರ್‌ಪೋರ್ಟ್‌ಗಳಿಗೆ ಹಬ್ಬಿತು. ಬೀಗಲ್ಲೇ ಯಾಕೆ ಅಂದ್ರೆ ಮೂಗು ಜೋರು, ಮೈ ಚಿಕ್ಕದು, ಮುಖ ನೋಡಿದ್ರೆ ಯಾರಿಗೂ ಭಯ ಆಗಲ್ಲ. ಇದರಲ್ಲಿ ನನಗೆ ಇಷ್ಟ ಆಗೋ ಭಾಗ ಅಂದ್ರೆ ಆ ಕೆಲಸಕ್ಕೆ ತಗೊಂಡ ನಾಯಿಗಳಲ್ಲಿ ಎಷ್ಟೋ ರೆಸ್ಕ್ಯೂ ಮತ್ತು ಶೆಲ್ಟರ್‌ಗಳಿಂದ ಬಂದವು. 2018ರಲ್ಲಿ ಅಟ್ಲಾಂಟಾ ಏರ್‌ಪೋರ್ಟಲ್ಲಿ ಹಾರ್ಡಿ ಅನ್ನೋ ರೆಸ್ಕ್ಯೂ ಬೀಗಲ್ಲು ಒಬ್ಬ ಪ್ರಯಾಣಿಕರ ಲಗೇಜಲ್ಲಿ ಒಂದು ಇಡೀ ಹುರಿದ ಹಂದಿ ತಲೆ ಇರೋದನ್ನ ಹಿಡಿದು ಸುದ್ದಿಯಾಯ್ತು. ಯಾರೋ ಬೇಡ ಅಂದ ನಾಯಿ ಅದು, ಸರ್ಕಾರಿ ನೌಕರಿಗೆ ಸೇರ್ತು ನೋಡಿ. ನಿಮ್ಮ ಮನೇಲಿ ಕಸದ ಡಬ್ಬಿ ಮುಚ್ಚಳ ತೆಗೆಯೋದೂ ಇದೇ ಪ್ರತಿಭೆ, ಸಂಬಳ ಮಾತ್ರ ಇಲ್ಲ.

ಇನ್ನು ಕೂಗು. ಫೋನ್ ಮಾಡೋರಲ್ಲಿ ಹತ್ತಕ್ಕೆ ಎಂಟು ಜನ ಕೇಳೋ ಪ್ರಶ್ನೆ, "ಮೇಡಂ ಬೊಗಳಲ್ಲ ತಾನೇ?" ಬೊಗಳತ್ತೆ. ಬೊಗಳೋದಷ್ಟೇ ಅಲ್ಲ, ಊಳಿಡತ್ತೆ, ಅದೂ ಅಲ್ದೆ ಇವೆರಡರ ಮಧ್ಯದ್ದೊಂದು ಕೂಗು ಇದೆ, ತಲೆ ಮೇಲೆತ್ತಿ ಗಂಟಲು ಬಿಟ್ಟು ಎಳೆದು ಹಾಕೋದು, ಅದನ್ನ ಕೇಳಿದೋರಿಗೇ ಗೊತ್ತು. ಈ ತಳಿ ಬೆಳೆದಿದ್ದು ಇಂಗ್ಲೆಂಡಲ್ಲಿ ಮೊಲದ ಬೇಟೆಗೆ. ಕುದುರೆ ಮೇಲಲ್ಲ, ಬೇಟೆಗಾರರು ಕಾಲ್ನಡಿಗೇಲಿ ಹಿಂದೆ ಓಡೋರು. ನಾಯಿಗಳ ಗುಂಪು ಪೊದೆ ಗದ್ದೆ ದಾಟಿ ಕಣ್ಣಿಗೆ ಕಾಣ್ದಂಗೆ ಮುಂದೆ ಹೋಗಿಬಿಟ್ರೆ ಹಿಂದೆ ಇರೋ ಮನುಷ್ಯನಿಗೆ ದಾರಿ ಹೇಳೋದು ಆ ಕೂಗೇ. ಬಾಲದ ತುದಿ ಬಿಳಿ ಇರೋದೂ ಅದಕ್ಕೇ ಅಂತಾರೆ, ಹುಲ್ಲಿನ ಮಧ್ಯೆ ಬಾವುಟದ ಥರ ಕಾಣ್ಲಿ ಅಂತ. ಅಂದ್ರೆ ತಲೆಮಾರುಗಟ್ಟಲೆ ಜೋರಾಗಿ ಕೂಗೋ ನಾಯಿನೇ ಆರಿಸಿ ಆರಿಸಿ ಮರಿ ಹಾಕಿಸಿದೀವಿ ನಾವು ಮನುಷ್ಯರು. ಈಗ ಫ್ಲ್ಯಾಟಲ್ಲಿ ಇಟ್ಕೊಂಡು ಬಾಯಿ ಮುಚ್ಚು ಅಂದ್ರೆ? ಕೂಗು ಅದರ ಚಟ ಅಲ್ಲ, ಅದರ ಕಸುಬು.

ಗುಂಪಲ್ಲಿ ಬೇಟೆ ಆಡೋ ನಾಯಿ ಅಂದ್ಮೇಲೆ ಇನ್ನೊಂದು ಮಾತೂ ಇದೆ. ಬೀಗಲ್‌ಗೆ ಒಂಟಿತನ ಆಗಿಬರಲ್ಲ. ಇನ್ನೊಂದು ನಾಯಿ ಇದ್ರೆ ಖುಷಿ, ಮನುಷ್ಯ ಇದ್ರೂ ಖುಷಿ, ಯಾರೂ ಇಲ್ಲ ಅಂದ್ರೆ ಗುಂಪು ಎಲ್ಲೋಯ್ತು ಅಂತ ಕೂಗಿ ಕರೆಯತ್ತೆ. ಪಕ್ಕದ ಮನೆಯೋರು ಅದನ್ನ ಗಲಾಟೆ ಅಂತಾರೆ. ಮೇಲೆ ಹೇಳಿದ್ನಲ್ಲ, ಮೂರು ಸಲ ವಾಪಸ್ ಬಂದ ಹೆಣ್ಣು ನಾಯಿ, ಅದು ಈಗ ಒಬ್ಬರ ಮನೇಲಿ ತಾತ್ಕಾಲಿಕವಾಗಿ ಇದೆ, ಅಲ್ಲಿ ಇನ್ನೂ ಎರಡು ನಾಯಿ ಇದಾವೆ, ಹಗಲು ಮನೇಲಿ ಒಬ್ಬ ಅಜ್ಜಿ ಇರ್ತಾರೆ. ಒಂದು ವಾರ ಆದ್ಮೇಲೆ ಫೋನ್ ಮಾಡಿ ಕೇಳ್ದೆ ಕೂಗತ್ತಾ ಅಂತ. ಬಾಗಿಲು ತಟ್ಟಿದ್ರೆ ಕೂಗತ್ತೆ, ಅಷ್ಟು ಬಿಟ್ರೆ ಅಜ್ಜಿ ಕಾಲ ಬುಡದಲ್ಲಿ ಬಿದ್ಕೊಂಡಿರತ್ತೆ ಅಂದ್ರು. ಅದೇ ನಾಯಿ ರೀ!

ಈಗ ಸ್ವಲ್ಪ ಕೆಂಚನ ಕಥೆ ಹೇಳ್ತೀನಿ, ಯಾಕಂದ್ರೆ ಲ್ಯಾಬಿಂದ ಬಂದ ಬೀಗಲ್ ಅಂದ್ರೆ ಅದು ಇನ್ನೊಂದೇ ಲೋಕ. ಔಷಧಿ, ರಾಸಾಯನಿಕ ಇವುಗಳ ಪರೀಕ್ಷೆಗೆ ಜಗತ್ತಲ್ಲಿ ಅತಿ ಹೆಚ್ಚು ಬಳಕೆ ಆಗೋ ನಾಯಿ ಬೀಗಲ್ಲೇ. ಮೈ ಹದವಾಗಿದೆ, ಕೂದಲು ಗಿಡ್ಡ, ಒಂದರ ಪಕ್ಕ ಒಂದನ್ನ ಇಟ್ರೂ ಕಚ್ಚಾಡಲ್ಲ, ಎಲ್ಲಕ್ಕಿಂತ ಮುಖ್ಯ ಕಾರಣ ಅದರ ಒಳ್ಳೆತನ. ಸೂಜಿ ಚುಚ್ಚಿದ ಕೈನೇ ನೆಕ್ಕೋ ಪ್ರಾಣಿ. ಆ ಒಳ್ಳೆತನವೇ ಅದಕ್ಕೆ ಮುಳುವಾಯ್ತು ಅಂತ ನೆನೆಸ್ಕೊಂಡಾಗೆಲ್ಲಾ ನನಗೆ ಹೊಟ್ಟೆ ಒಳಗೆ ಏನೋ ಆಗತ್ತೆ. 2022ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಲ್ಯಾಬ್‌ಗಳಿಗೆ ಅಂತಾನೇ ಬೀಗಲ್ ಸಾಕ್ತಿದ್ದ ಒಂದು ಕೇಂದ್ರದ ಮೇಲೆ ಕೇಸಾಗಿ ಸುಮಾರು 4,000 ಬೀಗಲ್ ಒಟ್ಟಿಗೆ ಹೊರಗೆ ಬಂದ್ವು, ಬೇರೆ ಬೇರೆ ರಾಜ್ಯದ ಶೆಲ್ಟರ್‌ಗಳೆಲ್ಲಾ ಹಂಚ್ಕೊಂಡು ಮನೆ ಹುಡುಕಿದ್ವು. ಆ ಫೋಟೋಗಳನ್ನ ನೀವೂ ನೋಡಿರ್ತೀರ. ಹುಲ್ಲಿನ ಮೇಲೆ ಕಾಲಿಡೋಕೆ ಹೆದರ್ತಿರೋ ನಾಯಿ. ಫೋಟೋ ಅಲ್ಲಿಗೆ ಮುಗಿಯತ್ತೆ, ಮನೆಯೋರ ಕಥೆ ಅಲ್ಲಿಂದ ಶುರುವಾಗತ್ತೆ.

ಕೆಂಚ ಬಂದಾಗ ಅವನಿಗೆ ನಾಲ್ಕು ವರ್ಷ. ಕಿವಿ ಒಳಗೆ ಹಚ್ಚೆ ನಂಬರು, ಹೆಸರು ಇಲ್ಲ. ಬಾಗಿಲ ಒಳಗೆ ಕಾಲೊರೆಸೋ ಮ್ಯಾಟ್ ಇತ್ತಲ್ಲ, ಅದರ ಮೇಲೆ ನಿಂತ. ನಿಂತೇ ಇದ್ದ. ಸಂಜೆ ಐದಕ್ಕೆ ಬಂದೋನು ರಾತ್ರಿ ಹತ್ತಾದ್ರೂ ಆ ಮ್ಯಾಟ್ ಬಿಟ್ಟು ಇಳೀಲಿಲ್ಲ, ಅದರ ಆಚೆ ನುಣ್ಣಗಿರೋ ಟೈಲ್ಸು, ಅವನ ಕಾಲಿಗೆ ಅಂಥಾ ನೆಲ ಗೊತ್ತೇ ಇರ್ಲಿಲ್ಲ. ನಮ್ಮನೆಯವರು ಮನೇಲಿದ್ದ ಬೆಡ್‌ಶೀಟು ಟವೆಲ್ಲು ಎಲ್ಲಾ ತಂದು ಮ್ಯಾಟಿಂದ ಅವನ ಹಾಸಿಗೆ ತನಕ ಒಂದು ದಾರಿ ಹಾಸಿದ್ರು. ಆ ದಾರಿ ಮೇಲೆ ಒಂದೊಂದೇ ಕಾಲು ಎತ್ತಿಟ್ಟು ಬಂದ, ತೀರಾ ಪಕ್ಕಕ್ಕೆ ಕಾಲು ಜಾರಿದ್ರೆ ಹಾಗೇ ನಿಂತುಬಿಡೋನು. ನೀರು ಬಟ್ಟಲಲ್ಲಿ ಇಟ್ರೆ ಅದೇನು ಅಂತ ಗೊತ್ತಾಗ್ಲಿಲ್ಲ. ಬಟ್ಟಲ ಪಕ್ಕ ಗೋಡೆನ ನೆಕ್ಕಿದ. ನನಗೆ ಏನೂ ಅರ್ಥ ಆಗ್ಲಿಲ್ಲ, ರೆಸ್ಕ್ಯೂದವರಿಗೆ ಫೋನ್ ಮಾಡಿದ್ರೆ, ಗೂಡಲ್ಲಿ ಗೋಡೆಗೆ ನಳಿಗೆ ಥರ ಇರತ್ತೆ, ನೆಕ್ಕಿದ್ರೆ ನೀರು ಬರತ್ತೆ, ಅವನಿಗೆ ನೀರು ಅಂದ್ರೆ ಅದೇ ಅಂದ್ರು. ಕೊನೆಗೆ ಬೆರಳು ನೀರಲ್ಲಿ ಅದ್ದಿ ಅವನ ಮೂಗಿನ ಹತ್ರ ಹಿಡಿದು, ಹಾಗೇ ಬೆರಳನ್ನ ಕೆಳಗಿಳಿಸ್ತಾ ಇಳಿಸ್ತಾ ಬಟ್ಟಲ ತನಕ ಕರ್ಕೊಂಡೋದೆ. ಕುಡಿದ. ಎಷ್ಟು ಹೊತ್ತು ಕುಡಿದ ಅಂದ್ರೆ, ಪಾಪ, ನನಗೆ ಅಳು ಬಂತು.

ಮೆಟ್ಟಿಲು ಹತ್ತೋಕೆ ಬರ್ತಿರ್ಲಿಲ್ಲ. ಗಾಜಿನ ಬಾಗಿಲಿಗೆ ಹೋಗಿ ಗುದ್ದಿದ. ಕುಕ್ಕರ್ ಸೀಟಿಗೆ ಮಂಚದ ಕೆಳಗೆ ಹೋದೋನು ಮಧ್ಯಾಹ್ನ ಬಂದ. ಮನೇಲಿ ಎಲ್ಲಿ ಬೇಕಾದ್ರೂ ಒಂದೂ ಎರಡೂ ಮಾಡೋನು, ಯಾಕಂದ್ರೆ ಮಲಗೋ ಜಾಗ ಬೇರೆ, ಅದಕ್ಕೆ ಜಾಗ ಬೇರೆ ಅಂತ ಹುಟ್ಟಿದಾಗಿಂದ ಯಾರೂ ತೋರಿಸಿಲ್ಲ. ನಾಲ್ಕು ವರ್ಷದ ನಾಯಿಗೆ ಎರಡು ತಿಂಗಳ ಮರಿಗೆ ಕಲಿಸಿದ ಹಾಗೆ, ಎರಡು ಗಂಟೆಗೊಂದು ಸಲ ಹೊರಗೆ ಕರ್ಕೊಂಡೋಗೋದು, ಆದ್ರೆ ಶಭಾಷ್ ಅಂತ ತಿಂಡಿ ಕೊಡೋದು, ಮನೆ ಒಳಗೆ ಆದ್ರೆ ಸುಮ್ನೆ ಒರೆಸ್ಕೊಳ್ಳೋದು, ಬೈಯೋ ಹಾಗಿಲ್ಲ. ಬೈದ್ರೆ ಅದು ಕಲಿಯೋದು ನಿಮ್ಮ ಎದುರಿಗೆ ಮಾಡಬಾರದು ಅನ್ನೋದನ್ನ ಮಾತ್ರ, ಸೋಫಾ ಹಿಂದೆ ಹೋಗಿ ಮಾಡತ್ತೆ. ಹೆಚ್ಚು ಕಮ್ಮಿ ನಾಲ್ಕು ತಿಂಗಳು ಹಿಡೀತು ನಮಗೆ.

ಇಲ್ಲಿ ಒಂದು ವಿಷಯ, ಇದು ಬೀಗಲ್ ಬೇಕು ಅನ್ನೋರಿಗೂ ಹೌದು, ನಮ್ಮ ರೆಸ್ಕ್ಯೂದವರಿಗೂ ಹೌದು. ಕೆಂಚನ ಬಗ್ಗೆ ಹಾಕಿದ್ದ ಪೋಸ್ಟಲ್ಲಿ "ತುಂಬಾ ಶಾಂತ ಸ್ವಭಾವ, ಬೊಗಳೋದೇ ಇಲ್ಲ" ಅಂತ ಇತ್ತು. ನಿಜಕ್ಕೂ ಬೊಗಳ್ತಿರ್ಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಒಂದು ಸದ್ದಿಲ್ಲ. ಕೆಲವು ನಾಯಿಗಳಿಗೆ ಗಂಟಲ ಒಳಗಿನ ಧ್ವನಿ ತಂತುಗಳಿಗೆ ಕತ್ತರಿ ಹಾಕಿ ಸದ್ದು ಅಡಗಿಸಿರ್ತಾರಂತೆ, ಇವನಿಗೂ ಹಾಗೇ ಮಾಡಿದಾರೆ ಅಂತ ನಾವು ಅಂದ್ಕೊಂಡುಬಿಟ್ವಿ. ಹನ್ನೊಂದನೇ ವಾರ, ಒಂದು ಭಾನುವಾರ ಬೆಳಗ್ಗೆ, ಬಾಲ್ಕನಿಗೆ ಅಳಿಲು ಬಂತು. ಕೆಂಚ ಎದ್ದು ನಿಂತ, ಬಾಲ ನೆಟ್ಟಗಾಯ್ತು, ಗಂಟಲಲ್ಲಿ ಏನೋ ಕುಯ್‌ಗುಟ್ಟಿದ ಹಾಗಾಯ್ತು, ಆಮೇಲೆ ತಲೆ ಎತ್ತಿ ಕೂಗಿದ ನೋಡಿ, ನಮ್ಮ ಕಟ್ಟಡ ಅಷ್ಟೂ ಎದ್ದು ಕೂತಿರ್ಬೇಕು. ಕೂಗಿ ಅವನೇ ಬೆಚ್ಚಿಬಿದ್ದು ಹಿಂದೆ ತಿರುಗಿ ನೋಡಿದ, ಯಾರು ಕೂಗಿದ್ದು ಅಂತ. ನಾನೂ ನಮ್ಮನೆಯವರೂ ಕುಣಿದಾಡಿಬಿಟ್ವಿ. ಕೆಳಗಿನ ಮನೆಯವರು ಮಾತ್ರ ಕುಣೀಲಿಲ್ಲ.

ಅರ್ಥ ಏನು ಅಂದ್ರೆ, ಶೆಲ್ಟರಲ್ಲಿ ಮೂಲೇಲಿ ಮುದುಡ್ಕೊಂಡು ಕೂತಿರೋ ನಾಯಿ ಶಾಂತವಾಗಿರೋದಲ್ಲ, ಹೆದರಿ ಮರಗಟ್ಟಿ ಹೋಗಿರೋದು. ಭಯ ಬಿಟ್ಟ ಮೇಲೇನೇ ಅದರ ನಿಜವಾದ ಗುಣ ಹೊರಗೆ ಬರೋದು. ರೆಸ್ಕ್ಯೂ ಮಾಡೋರ ಬಾಯಲ್ಲಿ ಒಂದು ಲೆಕ್ಕ ಇದೆ, ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆ ದಿನಚರಿ ಅರ್ಥ ಆಗತ್ತೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸತ್ತೆ ಅಂತ. ಲೆಕ್ಕ ಅಂದ್ರೆ ಅಂದಾಜು, ಕೆಂಚನಿಗೆ ಒಂದು ವರ್ಷಾನೇ ಆಯ್ತು. ಆದ್ರೆ ನೀವು ಮೂರನೇ ವಾರದಲ್ಲಿ "ಮೊದಲು ಸುಮ್ನಿತ್ತು, ಈಗ ಕೂಗ್ತಾ ಇದೆ, ಏನೋ ಪ್ರಾಬ್ಲಂ ಆಗಿದೆ" ಅಂತ ಫೋನ್ ಮಾಡಿದ್ರೆ ನನಗೆ ಏನು ಹೇಳ್ಬೇಕೋ ಗೊತ್ತಾಗಲ್ಲ. ಪ್ರಾಬ್ಲಂ ಹೋಗಿದ್ದಕ್ಕೇ ಅದು ಕೂಗ್ತಿರೋದು. ಇನ್ನು ರೆಸ್ಕ್ಯೂ ಸ್ನೇಹಿತರಿಗೆ, ದಯವಿಟ್ಟು "ಶಾಂತ ಸ್ವಭಾವ" ಅಂತ ಬರೆದು ಜನರ ಮೂಗಿಗೆ ತುಪ್ಪ ಸವರಬೇಡಿ. ಜಾಗ ಖಾಲಿ ಆಗ್ಬೇಕು, ಬೇಗ ಮನೆ ಸಿಗ್ಬೇಕು ಅನ್ನೋ ಒತ್ತಡ ನನಗೂ ಗೊತ್ತು, ಆದ್ರೆ ಹಾಗೆ ಹೋದ ನಾಯಿ ಅದೇ ಬಾಗಿಲಿಗೆ ವಾಪಸ್ ಬರತ್ತೆ. ಪ್ರತಿ ಸಲ ವಾಪಸ್ ಬಂದಾಗ ಅದು ಮನುಷ್ಯರ ಹತ್ರ ಹೋಗೋದು ಇನ್ನೊಂದು ಹೆಜ್ಜೆ ನಿಧಾನ ಆಗಿರತ್ತೆ.

ಫಾರಂನಲ್ಲಿ ಗೇಟು, ಕಾಂಪೌಂಡು, ಬಾಗಿಲು ಬಗ್ಗೆ ಅಷ್ಟೊಂದು ಪ್ರಶ್ನೆ ಯಾಕೆ, ಇವರೇನು ಪೊಲೀಸರಾ ಅಂತ ಒಬ್ಬರು ನನ್ನ ಮುಖಕ್ಕೇ ಕೇಳಿದ್ರು. ಕೇಳಿ. ಕೆಂಚ ಬಂದ ಒಂಬತ್ತನೇ ದಿನ, ಪಾರ್ಸೆಲ್ ಕೊಡೋಕೆ ಯಾರೋ ಬಂದ್ರು, ನಾನು ಬಾಗಿಲು ತೆಗೆದು ಸೈನ್ ಹಾಕ್ತಾ ಇದ್ದೆ, ಎರಡು ಸೆಕೆಂಡೂ ಆಗಿಲ್ಲ, ಕಾಲ ಸಂದಿಯಿಂದ ನುಸುಳಿದ. ಮನೆಯಿಂದ ಮೆಟ್ಟಿಲು ಇಳಿಯೋಕೆ ಬರಲ್ಲ ಅಂತ ನಾವು ಎತ್ಕೊಂಡು ಓಡಾಡ್ತಿದ್ದ ನಾಯಿ ಮೂರು ಮಹಡಿ ಹೇಗೆ ಇಳೀತೋ ದೇವರಿಗೇ ಗೊತ್ತು. ನಮ್ಮನೆಯವರು ಕೆಳಗೆ ಓಡಿ ಕತ್ತಿನ ಪಟ್ಟಿ ಹಿಡಿದ್ರು, ಪಟ್ಟಿ ಕೈಯಲ್ಲಿ ಉಳೀತು, ನಾಯಿ ಹೋಯ್ತು. ಬೀಗಲ್ ಕತ್ತು ದಪ್ಪ, ತಲೆ ಅದಕ್ಕಿಂತ ಅಂಥಾ ಅಗಲ ಏನಲ್ಲ, ಹಿಂದಕ್ಕೆ ಜಗ್ಗಿದ್ರೆ ಪಟ್ಟಿ ಕಳಚಿಹೋಗತ್ತೆ, ಅದಕ್ಕೇ ಎದೆಗೂ ಬರೋ ಹಾರ್ನೆಸ್ ಹಾಕಿ, ಪಟ್ಟಿಗೊಂದು ಹಾರ್ನೆಸ್‌ಗೊಂದು ಅಂತ ಎರಡು ಲೀಶ್ ಹಾಕಿ ಅಂತ ನಾವು ಬಡ್ಕೊಳ್ಳೋದು. ಅವತ್ತು ನಾವು ಮಾಡಿದ ದೊಡ್ಡ ತಪ್ಪು ಅಂದ್ರೆ ಹೆಸರು ಕೂಗ್ತಾ ಹಿಂದೆ ಓಡಿದ್ದು. ಒಂಬತ್ತು ದಿನದ ಹಿಂದೆ ಇಟ್ಟ ಹೆಸರು ಅದು, ಅವನಿಗೇನು ಗೊತ್ತು. ಹಿಂದೆ ಬಂದಷ್ಟೂ ಮುಂದೆ ಓಡಿದ.

ಜೀವ ಬಾಯಿಗೆ ಬಂದಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ರೆಸ್ಕ್ಯೂದಿಂದ ಒಬ್ಬರು ಹಿರಿಯರು ಬಂದು, ಹುಡುಕೋದು ನಿಲ್ಸಿ, ಎಲ್ಲರೂ ಮನೆಗೆ ಹೋಗಿ, ನೀವು ಎರಡು ದಿನ ಉಟ್ಟು ಒಗೀದೇ ಇರೋ ಬಟ್ಟೆ ಇದ್ರೆ ತನ್ನಿ ಅಂದ್ರು. ನನ್ನ ಒಂದು ಹಳೇ ನೈಟಿ, ಅವನ ಹಾಸಿಗೆ ಮೇಲಿನ ಬೆಡ್‌ಶೀಟು, ಕೊನೇ ಸಲ ಅವನು ಕಂಡಿದ್ದ ಜಾಗದಲ್ಲಿ ಒಂದು ಗೋಡೆ ಪಕ್ಕ ಹಾಸಿಟ್ಟು ಬಂದ್ವಿ. ನಿದ್ದೆ ಎಲ್ಲಿ ಬರತ್ತೆ. ಬೆಳಗ್ಗೆ ಐದೂವರೆಗೆ ಹೋಗಿ ನೋಡಿದ್ರೆ ನೈಟಿ ಮೇಲೆ ಸುತ್ಕೊಂಡು ಮಲಗಿದಾನೆ, ಮೂಗು ತೋಳಿನ ಒಳಗೆ ತೂರಿಸ್ಕೊಂಡು. ಓಡಿಸ್ಕೊಂಡು ಹೋಗಿದ್ದೂ ಅದೇ ಮೂಗು, ವಾಪಸ್ ತಂದು ಮಲಗಿಸಿದ್ದೂ ಅದೇ. ಎಲ್ಲರಿಗೂ ಹೀಗೆ ಸಿಗಲ್ಲ. ರಸ್ತೆಗೆ ಹೋಗಿ ಗಾಡಿಗೆ ಸಿಕ್ಕಿದ ನಾಯಿಗಳ ಫೋನೂ ನನಗೆ ಬಂದಿದೆ, ಅದನ್ನ ಇಲ್ಲಿ ಬರೆಯಲ್ಲ. ನಾಯಿ ಚರ್ಮದ ಕೆಳಗೆ ಗುರುತಿಗೆ ಅಂತ ಮೈಕ್ರೋಚಿಪ್ ಹಾಕ್ಸಿದ್ರೆ, ಅದರ 15 ಅಂಕಿ ನಂಬರು ನಿಮ್ಮ ಈಗಿನ ಫೋನ್ ನಂಬರಿಗೆ ರಿಜಿಸ್ಟರ್ ಆಗಿದ್ರೆ ಮಾತ್ರ ಉಪಯೋಗ, ಚಿಪ್ ಹಾಕ್ಸಿ ಮರೆತುಬಿಡೋರು ಬಹಳ. ಚಿಪ್ ಅಂದ್ರೆ ಜಿಪಿಎಸ್ ಅಲ್ಲ, ಅದು ನಾಯಿ ಎಲ್ಲಿದೆ ಅಂತ ಹೇಳಲ್ಲ, ಸಿಕ್ಕಿದ ಮೇಲೆ ಯಾರದ್ದು ಅಂತ ಹೇಳತ್ತೆ ಅಷ್ಟೇ.

ಆರೋಗ್ಯದ ಬಗ್ಗೆ ಜಾಸ್ತಿ ಕೊರೆಯಲ್ಲ, ಡಾಕ್ಟ್ರು ಹೇಳ್ತಾರೆ. ಎರಡು ಮಾತು. ಇಳಿಬಿದ್ದ ಕಿವಿ ಒಳಗೆ ಗಾಳಿ ಆಡಲ್ಲ, ವಾರಕ್ಕೊಂದು ಸಲ ಎತ್ತಿ ನೋಡಿ, ಮೂಸಿ ನೋಡಿ, ಹುಳಿ ವಾಸನೆ ಬಂದ್ರೆ ಸೋಂಕು ಶುರುವಾಗಿದೆ ಅಂತ. ಇನ್ನೊಂದು ತೂಕ. ಬೀಗಲ್‌ಗೆ ಸಾಕು ಅನ್ನೋದು ಗೊತ್ತಿಲ್ಲ. ಆ ಕಣ್ಣು ನೋಡಿ ನೀವು ಒಂದು ತುಂಡು, ಅಪ್ಪ ಒಂದು ತುಂಡು, ಅಜ್ಜಿ ಯಾರಿಗೂ ಕಾಣದ ಹಾಗೆ ಮೂರು ತುಂಡು ಹಾಕಿದ್ರೆ ವರ್ಷದಲ್ಲಿ ಡ್ರಮ್ ಆಗತ್ತೆ. ಕೈಯಾಡಿಸಿದ್ರೆ ಪಕ್ಕೆಲುಬು ಸಿಗ್ಬೇಕು, ಸಿಗ್ಲಿಲ್ಲ ಅಂದ್ರೆ ಅದು ಮುದ್ದಲ್ಲ. ಈ ತಳಿಗೆ ಅಪಸ್ಮಾರ, ಥೈರಾಯ್ಡ್ ಕಮ್ಮಿ ಆಗೋದು, ಬೆನ್ನುಹುರಿ ಡಿಸ್ಕ್ ತೊಂದರೆ ಇವೆಲ್ಲಾ ಬರೋದುಂಟು, ಕಣ್ಣಿನ ಮೂಲೇಲಿ ಕೆಂಪಗೆ ಚೆರ್ರಿ ಹಣ್ಣಿನ ಥರ ಉಬ್ಬಿಕೊಂಡ್ರೆ ಹೆದರಬೇಡಿ, ಆದ್ರೆ ತಡಾನೂ ಮಾಡಬೇಡಿ. ಕಸದ ಡಬ್ಬಿಗೆ ಚಿಲಕ ಇರೋದನ್ನೇ ತನ್ನಿ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆ ಬದಲು ಕ್ಸೈಲಿಟಾಲ್ ಅನ್ನೋ ಸಿಹಿ ಹಾಕಿರೋ ಶುಗರ್‌ಲೆಸ್ ಚೂಯಿಂಗ್ ಗಮ್ಮು, ಇವು ನಾಯಿಗೆ ವಿಷ. ಚೀಲದ ಜಿಪ್ ತೆಗೆಯೋ ಬೀಗಲ್‌ನ ನಾನು ಕಣ್ಣಾರೆ ಕಂಡಿದೀನಿ.

ಹಾಗಾದ್ರೆ ತಗೋಬೇಡಿ ಅಂತಿದೀನಾ? ಅಯ್ಯೋ, ತಗೊಳ್ಳಿ ಮಹರಾಯರೇ. 12ರಿಂದ 15 ವರ್ಷ ಬದುಕೋ ಪ್ರಾಣಿ, ನಾಲ್ಕೈದು ವರ್ಷದ್ದನ್ನ ತಂದ್ರೂ ಏಳರಿಂದ ಹನ್ನೊಂದು ವರ್ಷ ಜೊತೆಗಿರತ್ತೆ. ಮರಿನೇ ಬೇಕು ಅಂತ ಕಾಯೋರು ಇದನ್ನ ಯೋಚನೆ ಮಾಡಿ, ದೊಡ್ಡ ನಾಯಿ ಸೈಜು ಎಷ್ಟು, ಕೂಗು ಎಷ್ಟು, ಮಕ್ಕಳನ್ನ ಕಂಡ್ರೆ ಹೇಗೆ ಅನ್ನೋದೆಲ್ಲಾ ಮೊದಲೇ ನೋಡ್ಕೊಂಡು ತರಬಹುದು. "ಪಾಕೆಟ್ ಬೀಗಲ್, ಜೀವನಪೂರ್ತಿ ಇಷ್ಟೇ ಚಿಕ್ಕದಾಗಿ ಇರತ್ತೆ" ಅಂತ ಮಾರೋರ ಕಡೆ ಮಾತ್ರ ಹೋಗಬೇಡಿ, ಅದರ ಬಗ್ಗೆ ಮಾತಾಡೋಕೆ ಶುರು ಮಾಡಿದ್ರೆ ಈ ಪತ್ರ ಬೈಗುಳ ಆಗ್ಬಿಡತ್ತೆ.

ಎರಡು ಜನ ಕೆಲಸಕ್ಕೆ ಹೋಗೋ ಮನೆ ಅಂತ ಬರೆದ ತಕ್ಷಣ ನಾವು ಫಾರಂ ಹರಿದು ಹಾಕ್ತೀವಿ ಅಂತ ಎಲ್ಲರೂ ಅಂದ್ಕೊಂಡಿದೀರ, ಅದಕ್ಕೇ ಸುಳ್ಳು ಬರೀತೀರ. ಒಪ್ತೀನಿ, ಕೆಲವು ಕಡೆ ಹಾಗೆ ಮಾಡ್ತಾರೆ, ಅದೂ ತಪ್ಪು. ಫ್ಲ್ಯಾಟು ಅಂದ್ರೆ ಆಗಲ್ಲ, ಬಾಡಿಗೆ ಮನೆ ಅಂದ್ರೆ ಆಗಲ್ಲ, ಒಬ್ಬರೇ ಇರೋರಿಗೆ ಕೊಡಲ್ಲ ಅಂತ ನಿಯಮ ಮಾಡ್ಕೊಂಡು ಕೂತ್ರೆ ಜನ ಸುಳ್ಳು ಹೇಳದೇ ಇನ್ನೇನು ಮಾಡ್ತಾರೆ. ನಾವೂ ಬಾಡಿಗೆ ಫ್ಲ್ಯಾಟಲ್ಲೇ ಇದ್ದೋರು. ನಾನು ಕೇಳೋದು ನಿಜ ಯಾಕೆ ಅಂದ್ರೆ, ನಿಜ ಗೊತ್ತಾದ್ರೆ ನಾಯಿ ಆರಿಸಬಹುದು. ಒಂಬತ್ತು ಗಂಟೆ ಮನೆ ಖಾಲಿ ಅಂದ್ರೆ, ಒಂಟಿಯಾಗಿ ಮಲಗೋ ಅಭ್ಯಾಸ ಆಗಿರೋ, ವಯಸ್ಸಾಗಿರೋ ಒಂದು ನಾಯಿ ನಮ್ಮಲ್ಲಿರಬಹುದು, ಇಲ್ಲಾ ಒಟ್ಟಿಗೆ ಬೆಳೆದ ಎರಡು ಇರಬಹುದು, ಇಲ್ಲಾ ಮಧ್ಯಾಹ್ನ ಒಂದು ಸಲ ಬಂದು ನೋಡ್ಕೊಂಡು ಹೋಗೋಕೆ ಯಾರನ್ನಾದ್ರೂ ಗೊತ್ತು ಮಾಡ್ತೀರಾ ಅಂತ ಕೇಳಬಹುದು. ಮನೇಲಿ ಅತ್ತೆಗೆ ನಾಯಿ ಇಷ್ಟ ಇಲ್ಲ ಅಂತ ಬರೀರಿ. ಮಗನಿಗೆ ಹತ್ತನೇ ಕ್ಲಾಸ್ ಪರೀಕ್ಷೆ, ಸದ್ದಾದ್ರೆ ಕಷ್ಟ ಅಂತ ಬರೀರಿ. ಹಿಂದೆ ಒಂದು ನಾಯಿನ ವಾಪಸ್ ಕೊಟ್ಟಿದ್ದೀವಿ, ಸಾಕೋಕೆ ಆಗ್ಲಿಲ್ಲ ಅಂತ ಬರೀರಿ, ಅದನ್ನ ಬರೆದೋರನ್ನ ನಾನು ಎಲ್ಲರಿಗಿಂತ ಜಾಸ್ತಿ ನಂಬ್ತೀನಿ. ಅಕ್ಕಪಕ್ಕದವರ ಹತ್ರ ನಾಯಿ ಬರೋ ಮುಂಚೆ ಹೋಗಿ, ಹೀಗೊಂದು ಜೀವ ಬರ್ತಿದೆ, ಮೊದಲ ಒಂದೆರಡು ತಿಂಗಳು ಕೂಗಬಹುದು, ಕಷ್ಟ ಆದ್ರೆ ಸೀದಾ ನನಗೇ ಹೇಳಿ ಅಂತ ನಂಬರ್ ಕೊಟ್ಟು ಬನ್ನಿ. ನಾವು ಅದನ್ನ ಆಮೇಲೆ ಮಾಡಿದ್ವಿ. ಕೆಳಗಿನ ಮನೆಯವರು ಮೂರು ತಿಂಗಳು ಮಾತು ಬಿಟ್ಟಿದ್ರು, ಈಗ ಅವರ ಮಗಳು ಸಂಜೆ ಕೆಂಚನ ಜೊತೆ ಸುತ್ತೋಕೆ ಹೋಗ್ತಾಳೆ.

ಇನ್ನೊಂದೇ ಒಂದು ಕೋರಿಕೆ. ಫಾರಂ ಆಮೇಲೆ ತುಂಬಿದ್ರಾಯ್ತು. ಮೊದಲು ಒಂದು ದಿನ ನಿಮ್ಮ ಹತ್ರದ ಶೆಲ್ಟರ್‌ಗೆ ಹೋಗಿ, ಒಂದು ಬೀಗಲ್‌ನ ಒಂದು ಗಂಟೆ ವಾಕ್ ಕರ್ಕೊಂಡು ಹೋಗ್ತೀನಿ ಅಂತ ಕೇಳಿ. ಫೋಟೋ ತೆಗೀಬೇಡಿ, ಫೋನ್ ಜೇಬಲ್ಲಿರಲಿ. ನೀವು ಎಲ್ಲಿಗೂ ಕರ್ಕೊಂಡು ಹೋಗಬೇಡಿ, ಅದು ಎಲ್ಲಿ ನಿಲ್ಲತ್ತೋ ಅಲ್ಲಿ ನಿಂತ್ಕೊಳ್ಳಿ, ಒಂದೇ ಹುಲ್ಲಿನ ಬುಡನ ಹತ್ತು ನಿಮಿಷ ಮೂಸಿದ್ರೆ ಹತ್ತು ನಿಮಿಷಾನೂ ನಿಂತ್ಕೊಳ್ಳಿ, ಜಗ್ಗಬೇಡಿ. ಆ ಒಂದು ಗಂಟೇಲಿ ನಿಮಗೆ ಬೇಜಾರಾದ್ರೆ, ಇದೇನಪ್ಪಾ ಮುಂದಕ್ಕೇ ಹೋಗಲ್ಲ ಅನ್ನಿಸಿದ್ರೆ, ಲೀಶ್ ವಾಪಸ್ ಕೊಟ್ಟು ಮನೆಗೆ ಹೋಗಿ, ನಿಮಗೆ ಸರಿಹೊಂದೋ ಬೇರೆ ನಾಯಿ ಇದೆ, ಯಾರೂ ನಿಮ್ಮನ್ನ ಕೆಟ್ಟೋರು ಅನ್ನಲ್ಲ. ಅದೇ ಆ ಹತ್ತು ನಿಮಿಷದಲ್ಲಿ ನೀವೂ ಬಗ್ಗಿ, ಅಲ್ಲಿ ಏನಿದೆ ಅಂತ ನೋಡೋಕೆ ಶುರು ಮಾಡಿದ್ರೆ, ಫಾರಂ ಕೇಳಿ ಇಸ್ಕೊಳ್ಳಿ, ಎಷ್ಟು ಹೊತ್ತು ಒಂಟಿಯಾಗಿರತ್ತೆ ಅನ್ನೋ ಪ್ರಶ್ನೆಗೆ ನಿಜವಾದ ಗಂಟೆ ಬರೀರಿ, ಮನೆ ನೋಡೋಕೆ ಬಹುಶಃ ನಾನೇ ಬರ್ತೀನಿ.

ಇಂತಿ,
ಕೆಂಚನ ಮನೆಯಾಕೆ